ದೊಡ್ಡಪ್ಪನ ವಾಯ್ಸ್‌ಗೆ ಉತ್ತರ: ದನ, ಕಾಡು, ಬಿಡುವು

ದೊಡ್ಡಪ್ಪ, ನಿಮ್ಮ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ತಾತನ ಕಾಲದಿಂದ ನಮ್ಮ ದನದ ದೊಡ್ಡಿ ತಮಿಳುನಾಡಿನ ಬರಗೂರು ಬೆಟ್ಟದೊಳಗೇ ಇತ್ತು, ಆಗ ಹಾಳಾಗದ ಕಾಡು ಈಗ ದನದಿಂದ ಹಾಳಾಯಿತಾ ಅಂತ ಕೇಳಿದ್ದೀರಿ. ತಮ್ಮ ನೋಡಿದರೆ ದನ ನಿಲ್ಲಿಸಿಬಿಟ್ಟರೆ ಬೆಟ್ಟ ತಾನಾಗೇ ಚಿಗುರುತ್ತೆ ಅಂತಾನೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ.

ಮೇಲಿನ ಇಳಿಜಾರಿನಲ್ಲಿ ಒಂದು ಹೊನ್ನೆ ಸಸಿ ಹತ್ತಿರ ಕೂತು ನೋಡಿ. ಎತ್ತರ ಮೊಣಕಾಲಷ್ಟೇ, ಬುಡ ಮಾತ್ರ ಹೆಬ್ಬೆರಳಿಗಿಂತ ದಪ್ಪ. ಅದು ಈ ವರ್ಷದ ಸಸಿ ಅಲ್ಲ. ಮಳೆ ಬಿದ್ದಾಗ ಚಿಗುರುತ್ತೆ, ತುದಿ ದನದ ಬಾಯಿಗೆ ಹೋಗುತ್ತೆ, ಪಕ್ಕಕ್ಕೆ ಕವಲೊಡೆಯುತ್ತೆ, ಅದೂ ಹೋಗುತ್ತೆ. ಬೇರು ಗಟ್ಟಿಯಾಗಿದೆ, ದನಕ್ಕೆ ಎಟುಕದಷ್ಟು ಎತ್ತರ ಹೋಗೋವರೆಗೆ ಕೆಲವು ವರ್ಷ ಬಿಡುವು ಸಿಕ್ಕರೆ ಸಾಕು, ಮರವಾಗುತ್ತೆ. ಆ ಬಿಡುವೇ ಸಿಗ್ತಾ ಇಲ್ಲ. ದೊಡ್ಡ ಮರ ನೋಡಿ ಕಾಡು ಚೆನ್ನಾಗಿದೆ ಅಂದುಕೊಳ್ತೀವಿ, ಅವು ಬಿದ್ದ ಮೇಲೆ ಆ ಜಾಗಕ್ಕೆ ಬರೋಕೆ ಕೆಳಗೆ ಎಳೆ ಮರಗಳೇ ಇಲ್ಲ. ಆಡು ಇನ್ನೂ ಜಾಸ್ತಿ, ದನ ಮೊದಲು ಹುಲ್ಲಿಗೆ ಹೋಗುತ್ತೆ, ಆಡು ಸೀದಾ ಸೊಪ್ಪಿಗೆ.

ತಮ್ಮಾ, ನಿನಗೂ ಹೇಳ್ತೀನಿ. ಕಾಡೆಲ್ಲ ಹಬ್ಬೋ ಲಂಟಾನ ಕಳೆಪೊದೆನ ದನ ಮುಟ್ಟಲ್ಲ, ಸುತ್ತ ಇರೋದನ್ನೆಲ್ಲ ಮೇಯುತ್ತೆ, ಹಾಗಾಗಿ ಲಂಟಾನಕ್ಕೆ ಜಾಗ ಸಿಕ್ಕಿದೆ. ಈಗ ದನ ನಿಲ್ಲಿಸಿದ ಮಾತ್ರಕ್ಕೆ ಅದು ಹೋಗುತ್ತಾ? ಬುಡದಿಂದ ಕಿತ್ತೇ ತೆಗೀಬೇಕು. ಮೇಯದೆ ಬಿಟ್ಟ ಹುಲ್ಲು ಬೇಸಿಗೆಗೆ ಒಣಗಿ ನಿಲ್ಲುತ್ತೆ, ಬೆಂಕಿ ಬಿದ್ದರೆ ಎಳೆ ಸಸಿಗಳೇ ಮೊದಲು ಹೋಗೋದು.

2022ರಲ್ಲಿ ಮದ್ರಾಸ್ ಹೈಕೋರ್ಟ್ ಮೊದಲು ತಮಿಳುನಾಡಿನ ಎಲ್ಲ ಕಾಡಿಗೂ ದನ ಬಿಡಬಾರದು ಅಂದಿತು, ಆಮೇಲೆ ಅದನ್ನ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಕಾಡುಗಳಿಗೆ ಮಾತ್ರ ಅಂತ ಮಾಡಿತು. 2024ರಲ್ಲಿ ನಮ್ಮ ಅಂತಿಯೂರು ಕಡೆಯ ಕಾಡೇ ಅಭಯಾರಣ್ಯ ಆಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮೇಯಿಸೋ ಹಕ್ಕೂ ಇದೆ. ಹಕ್ಕು ಕೇಳೋಣ, ಖಂಡಿತ ಕೇಳೋಣ, ಆದರೆ ಸಸಿ ಉಳಿಸೋ ದಾರಿಯನ್ನೂ ನಾವೇ ಮುಂದಿಡಬೇಕು.

ಚಂಡೀಗಢದ ಹತ್ತಿರ ಸುಖೋಮಾಜ್ರಿ ಅಂತ ಒಂದು ಊರಿದೆ. 1970ರ ದಶಕದಲ್ಲಿ ಅಲ್ಲಿನ ಬೋಳು ಬೆಟ್ಟದ ಮಣ್ಣು ಕೊಚ್ಚಿಹೋಗಿ ಸುಖನಾ ಕೆರೆಗೆ ಹೂಳು ತುಂಬುತ್ತಿತ್ತು. ಸಣ್ಣ ಕಟ್ಟೆ ಕಟ್ಟಿ ಆ ನೀರಲ್ಲಿ ಮನೆಮನೆಗೂ ಪಾಲು ಕೊಟ್ಟರು, ಊರವರೇ ಒಪ್ಪಿ ಬೆಟ್ಟಕ್ಕೆ ಆಡು ದನ ಬಿಡೋದು ನಿಲ್ಲಿಸಿದರು. ಹುಲ್ಲು ಬಂತು, ಮರ ಬಂತು, ಆಡು ಕಡಿಮೆಯಾಗಿ, ಕಟ್ಟಿಹಾಕಿ ಸಾಕೋ ಎಮ್ಮೆ ಜಾಸ್ತಿಯಾಯಿತು. ನಮ್ಮ ಕೆಂದು ಬಿಳಿ ಬರಗೂರು ದನ ಕಟ್ಟಿಹಾಕಿ ಸಾಕೋ ತಳಿ ಅಲ್ಲ, ಅದು ನನಗೂ ಗೊತ್ತು. ಬೆಟ್ಟ ಹತ್ತಿ ಮೇಯೋ ದನ ಅದು. ಆದರೆ ಒಂದು ಜಾಗದ ಮೇವು ತೀರಿದರೆ ದೊಡ್ಡಿ ಬೇರೆ ಕಡೆ ಹಾಕ್ತಿದ್ವಿ ಅಂತ ನೀವೇ ಹೇಳ್ತಿದ್ರಲ್ಲ ದೊಡ್ಡಪ್ಪ? ನಾನು ಕೇಳ್ತಿರೋದೂ ಅದನ್ನೇ. ಹಳ್ಳದ ಮೇಲಿನ ಒಂದು ಇಳಿಜಾರು ಕೆಲವು ವರ್ಷ ಬಿಟ್ಟುಬಿಡೋಣ, ಅಲ್ಲಿನ ಲಂಟಾನ ನಾವೇ ಕೀಳೋಣ, ಎಳೆ ಮರ ಎದ್ದ ಮೇಲೆ ಅಲ್ಲಿಗೆ ದನ ಬಿಟ್ಟು ಇನ್ನೊಂದು ಕಡೆ ಮುಚ್ಚೋಣ. ಮಳೆಗೆ ಮುಂಚೆ ದೊಡ್ಡಿಯವರನ್ನೆಲ್ಲ ಕೂರಿಸಿ ನೀವೇ ಈ ಮಾತು ತೆಗೀರಿ, ನಿಮ್ಮ ಮಾತಾದರೆ ಕೇಳ್ತಾರೆ.