ಮಗಳು ಸಮುದ್ರತಳದ ಸಂಶೋಧನೆ ಮಾಡ್ತೀನಿ ಅಂತಾಳೆ, ಗೊತ್ತಿರೋರು ಹೇಳಿ

ತೀರ್ಥಹಳ್ಳಿಯಿಂದ ಒಬ್ಬ ತಂದೆ:
ಮಗಳು ಶಿವಮೊಗ್ಗದಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ, ಭೂವಿಜ್ಞಾನ ಒಂದು ವಿಷಯ. ಮುಂದೆ ಸಮುದ್ರತಳದ ಸಂಶೋಧನೆಗೇ ಹೋಗುವುದು ಅಂತ ಹಟ ಹಿಡಿದಿದ್ದಾಳೆ. ನಮ್ಮದು ಅಡಿಕೆ ತೋಟ. ಮುರುಡೇಶ್ವರಕ್ಕೆ ಹೋದಾಗ ಕಾಲು ನೆನೆಸಿಕೊಂಡಿದ್ದು ಬಿಟ್ಟರೆ ಸಮುದ್ರದ ಗಂಧಗಾಳಿ ನಮಗಿಲ್ಲ. ಅಲ್ಲಿ ಕೆಲಸ ಅಂದ್ರೆ ಏನು ಮಾಡೋದು? ಹೊಟ್ಟೆ ತುಂಬುತ್ತದಾ? ಹಡಗಿಗೆಲ್ಲ ಹೆಣ್ಣುಮಗಳನ್ನ ಕಳಿಸಬಹುದಾ? ಅನುಭವ ಇದ್ದವರು ಬರೆಯಿರಿ.

ಹೊಸನಗರದ ಕಡೆಯವಳು, ಈಗ ಕರಾವಳಿಯ ಒಂದು ಲ್ಯಾಬ್‌ನಲ್ಲಿ:
ಅಣ್ಣ, ನಾನೂ ಘಟ್ಟದ ಮೇಲಿನವಳೇ, ಈಜು ಬರುವುದಿಲ್ಲ, ಆದರೂ ಇದೇ ಕೆಲಸ ಮಾಡುತ್ತಿದ್ದೇನೆ. ಟಿವಿಯಲ್ಲಿ ತೋರಿಸುವ ನೀಲಿ ನೀರು, ಹವಳ, ಮುಳುಗುಗಾರರು ಇವೆಲ್ಲ ಈ ಕೆಲಸದಲ್ಲಿ ತೀರಾ ಕಡಿಮೆ. ಜಾಸ್ತಿ ಇರೋದು ಕೆಸರು. ದೋಣಿಯಿಂದ ಗ್ರ್ಯಾಬ್ ಅಂತ ಒಂದು ಇಳಿಸುತ್ತೇವೆ, ಎರಡು ದವಡೆಯ ಕಬ್ಬಿಣದ ಬುಟ್ಟಿ ಅದು. ತಳ ಮುಟ್ಟಿದ ಕೂಡಲೇ ಕೊಂಡಿ ಕಳಚುತ್ತದೆ, ಹಗ್ಗ ಎಳೆದರೆ ದವಡೆ ಮುಚ್ಚಿ ಕೆಸರು ಕಚ್ಚಿಕೊಂಡು ಮೇಲೆ ಬರುತ್ತದೆ. ದವಡೆ ನಡುವೆ ಒಂದು ಚಿಪ್ಪು ಸಿಕ್ಕಿಕೊಂಡರೂ ಮುಗೀತು, ಮೇಲೆ ಬರುವಷ್ಟರಲ್ಲಿ ಎಲ್ಲ ಸೋರಿಹೋಗಿರುತ್ತದೆ, ಮತ್ತೆ ಇಳಿಸಬೇಕು.

ಆ ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸಮುದ್ರದ ನೀರು ಹಾಕಿ ನಿಧಾನ ತೊಳೆಯಬೇಕು. ನೀರು ಜೋರಾಗಿ ಬಿಟ್ಟರೆ ಕೆಸರಿನಲ್ಲಿರೋ ಹುಳಗಳು ತುಂಡಾಗುತ್ತವೆ, ತುಂಡಾದದ್ದು ಯಾವ ಜಾತಿ ಅಂತ ಹೇಳೋಕೆ ಬರುವುದಿಲ್ಲ. ಜರಡಿಯಲ್ಲಿ ಉಳಿದದ್ದಕ್ಕೆ ಕೊಳೆಯದ ಹಾಗೆ ಫಾರ್ಮಲಿನ್ ಹಾಕಿ, ರೋಸ್ ಬೆಂಗಾಲ್ ಅನ್ನೋ ಬಣ್ಣ ಬೆರೆಸಿ ಡಬ್ಬಿಯಲ್ಲಿ ಇಡುತ್ತೇವೆ. ಬಣ್ಣ ಜೀವಿಗಳಿಗೆ ಹತ್ತಿ ಅವು ಗುಲಾಬಿ ಆಗುತ್ತವೆ, ಮರಳು ಹಾಗೇ ಉಳಿಯುತ್ತದೆ. ಆಮೇಲೆ ಮೈಕ್ರೋಸ್ಕೋಪ್ ಕೆಳಗಿಟ್ಟು ಚಿಮಟದಲ್ಲಿ ಒಂದೊಂದೇ ಹೆಕ್ಕೋದು, ಜಾತಿ ಗುರುತಿಸೋದು, ಎಣಿಸೋದು. ದಿನಗಟ್ಟಲೆ ಇದೇ. ಇದರಿಂದ ಏನು ಸಿಗುತ್ತದೆ ಅಂದ್ರೆ, ತಳದ ಆರೋಗ್ಯ ಹೇಗಿದೆ ಅಂತ ಈ ಹುಳಗಳು ಹೇಳುತ್ತವೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಆಳದ ನೀರು ದಡದ ಕಡೆ ಏರಿ ಬರುತ್ತದೆ, ಅದರಲ್ಲಿ ಆಮ್ಲಜನಕ ಕಡಿಮೆ. ಅದು ತೀರಾ ಇಳಿದಾಗ ಓಡೋಕೆ ಆಗೋ ಪ್ರಾಣಿಗಳು ಜಾಗ ಬಿಡುತ್ತವೆ, ತಡೆದುಕೊಳ್ಳೋ ಕೆಲವು ಜಾತಿಯ ಹುಳ ಮಾತ್ರ ಉಳಿಯುತ್ತವೆ.

ಹಾಗಾಗಿ ನಾನು ಹೇಳೋದು ಒಂದೇ. ಎಂಎಸ್ಸಿ ಅರ್ಜಿ ಹಾಕೋ ಮುಂಚೆ ಆಕೆ ಎಲ್ಲಾದರೂ ಒಂದು ಲ್ಯಾಬ್‌ನಲ್ಲಿ ಕೂತು ಕೆಸರು ತೊಳೆದು ನೋಡಲಿ. ಸೊಂಟ ನೋವು ಬಂದಮೇಲೂ ಮುಂದಿನ ಡಬ್ಬಿ ತೆರೆಯೋಕೆ ಮನಸ್ಸಾದರೆ ನೀವು ತಡೆಯಬೇಡಿ.

ಹೆಣ್ಣುಮಕ್ಕಳ ವಿಷಯ ಕೇಳಿದಿರಿ. 1983ರಲ್ಲೇ ಸಮುದ್ರ ವಿಜ್ಞಾನಿ ಅದಿತಿ ಪಂತ್, ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಅಂಟಾರ್ಕ್ಟಿಕಾಕ್ಕೆ ಹೊರಟಿದ್ದರು. ಈಗ ಹಡಗಿನಲ್ಲಿ ಹೆಣ್ಣುಮಕ್ಕಳು ಇರೋದು ಸುದ್ದಿಯೇ ಅಲ್ಲ.

ಶಿವಮೊಗ್ಗದಿಂದ, ಭೂವಿಜ್ಞಾನ ಓದಿ ಸರ್ಕಾರಿ ಕೆಲಸದಲ್ಲಿರುವವರು:
ಮೇಲಿನ ಅಕ್ಕ ಹೇಳಿದ್ದು ಸರಿ, ಆದರೆ ಹುಳ ಹೆಕ್ಕೋ ಕೆಲಸಕ್ಕೆ ಕಾಯಂ ಹುದ್ದೆ ಎಷ್ಟಿವೆ ಅಂತಲೂ ನೋಡಬೇಕಲ್ವಾ? ಪಿಎಚ್‌ಡಿಗೆ ನೆಟ್ ಅನ್ನೋ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ವೇತನ) ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಕಾಗದದ ಮೇಲೆ ಚೆನ್ನಾಗಿದೆ. ನನ್ನ ತಮ್ಮನಿಗೆ ಅವನ ಸಂಸ್ಥೆಯಲ್ಲಿ ಆ ದುಡ್ಡು ತಿಂಗಳುಗಟ್ಟಲೆ ಬರದೆ, ಮೆಸ್ ಬಿಲ್ ಕಟ್ಟೋಕೆ ಮನೆಯಿಂದ ಕಳಿಸಿದ್ದೇವೆ. ಅದಕ್ಕೂ ತಯಾರಾಗಿರಿ.

ನನ್ನ ಸಲಹೆ: ಎಂಎಸ್ಸಿ ಭೂವಿಜ್ಞಾನದಲ್ಲೇ ಇರಲಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ಇದೆ. ದೂರ ಬೇಡ ಅಂದ್ರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭೂವಿಜ್ಞಾನ. ಐಐಟಿ ಆಸೆ ಇದ್ದರೆ ಅಲ್ಲಿನ ಎಂಎಸ್ಸಿ ಪ್ರವೇಶಕ್ಕೆ ಜ್ಯಾಮ್ ಪರೀಕ್ಷೆ. ಆಮೇಲೆ ಯುಪಿಎಸ್‌ಸಿಯ ಜಿಯೋ ಸೈಂಟಿಸ್ಟ್ ಪರೀಕ್ಷೆ ಬರೆಯಬಹುದು. ಅದರಲ್ಲಿ ಪಾಸಾದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೂ ದಾರಿ, ಕೇಂದ್ರ ಅಂತರ್ಜಲ ಮಂಡಳಿಗೂ ದಾರಿ. ಸರ್ವೇಕ್ಷಣಾ ಸಂಸ್ಥೆಯ ಸಮುದ್ರ ವಿಭಾಗದ ಮುಖ್ಯ ಕಚೇರಿ ಇರೋದು ನಮ್ಮ ಮಂಗಳೂರಿನಲ್ಲೇ. ‘ಸಮುದ್ರ ರತ್ನಾಕರ’ ಅಂತ ಅವರದೇ ಸಂಶೋಧನಾ ಹಡಗೂ ಇದೆ. ಸಮುದ್ರ ಸಿಗದಿದ್ದರೆ ಬೋರ್‌ವೆಲ್ ನೀರೋ, ಧರೆ ಕುಸಿತದ ಸರ್ವೆಯೋ ಸಿಗುತ್ತದೆ. ಪ್ರತಿ ಮಳೆಗಾಲ ನಮ್ಮ ಘಾಟಿಗಳಲ್ಲಿ ಆಗೋದು ನೋಡಿದರೆ ಆ ಕೆಲಸಕ್ಕೂ ಜನ ಬೇಕೇ ಬೇಕು.

ಸಾಗರದಿಂದ, ಕಲ್ಲಿನ ಹುಚ್ಚಿರುವ ಮೇಷ್ಟ್ರು:
ಸಮುದ್ರತಳ ನೋಡೋಕೆ ಘಟ್ಟ ಇಳಿಯಬೇಕು ಅಂತ ಯಾರು ಹೇಳಿದ್ದು? ಒಂದು ಭಾನುವಾರ ಮಗಳನ್ನ ಕರೆದುಕೊಂಡು ಚಿತ್ರದುರ್ಗದ ಹತ್ತಿರದ ಮಾರಡಿಹಳ್ಳಿಗೆ ಹೋಗಿ. ಅಲ್ಲಿ ದಿಂಬಿನ ಆಕಾರದ ಲಾವಾ ಬಂಡೆಗಳಿವೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆಯೂ ಆಗಿದೆ. ಲಾವಾ ನೀರಿನೊಳಗೆ ಉಕ್ಕಿ ಮೇಲ್ಪದರ ತಟ್ಟನೆ ತಣಿದರೆ ಮಾತ್ರ ಆ ಆಕಾರ ಬರೋದು. ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ಕುಂಸಿಯ ಮ್ಯಾಂಗನೀಸ್ ಅದಿರು ಕೂಡ ಅಂಥ ಹಳೇ ಕಾಲದ ಪದರಗಳಲ್ಲೇ ಇರೋದು.

ಮ್ಯಾಂಗನೀಸ್ ಅಂದಾಗ ನೆನಪಾಯ್ತು. ‘ಗವೇಷಣಿ’ ಅನ್ನೋ ನಮ್ಮ ಹಡಗು 1981ರಲ್ಲಿ ಹಿಂದೂ ಮಹಾಸಾಗರದ ತಳದಿಂದ ಮ್ಯಾಂಗನೀಸ್ ಗಂಟುಗಳನ್ನ, ಅಂದ್ರೆ ಅದಿರಿನ ಉಂಡೆಗಳನ್ನ, ಎತ್ತಿ ತಂದಿತು. ನಿಕ್ಕಲ್, ತಾಮ್ರ, ಕೋಬಾಲ್ಟ್ ಎಲ್ಲ ಅದರಲ್ಲಿವೆ. ಈಗ ಅಲ್ಲಿ 75,000 ಚದರ ಕಿಲೋಮೀಟರ್ ಜಾಗದಲ್ಲಿ ಅನ್ವೇಷಣೆಯ ಹಕ್ಕು ಭಾರತಕ್ಕಿದೆ. ಆದರೆ ಆ ಗಂಟು ಬೆಳೆಯೋದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ತೆಗೆದರೆ ತೆಗೆದ ಹಾಗೇ, ಮತ್ತೆ ಬರುವುದಿಲ್ಲ. 1997ರಲ್ಲಿ ನಮ್ಮ ವಿಜ್ಞಾನಿಗಳು ಅಲ್ಲಿನ ಕೆಸರನ್ನ ಬೇಕೆಂದೇ ಕಲಕಿ, ತಳದ ಜೀವಿಗಳಿಗೆ ಏನಾಗುತ್ತದೆ ಅಂತ ಪರೀಕ್ಷೆ ಮಾಡಿದರು. ನನ್ನ ಪ್ರಕಾರ ನಿಮ್ಮ ಮಗಳ ಕಾಲದ ದೊಡ್ಡ ಜಗಳ ಇದೇ. ಕುದುರೆಮುಖದ ಕಬ್ಬಿಣದ ಗಣಿ ಬಗ್ಗೆ ನಾವು ಆಡಿದ ಮಾತುಗಳನ್ನೇ ಸಮುದ್ರದ ಬಗ್ಗೆ ಆಡಬೇಕಾಗುತ್ತದೆ, ಆಗ ಲೆಕ್ಕ ಕೊಡೋಕೆ ಹುಳ ಎಣಿಸಿದವರೇ ಬೇಕು.

ಸಿದ್ದಾಪುರದಿಂದ:
ಆಳ ಸಮುದ್ರವೇ ಬೇಕಂತಿಲ್ಲ. ಕುಮಟಾ ಹತ್ತಿರ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಜನ ಬೆಳಚು (ತಿನ್ನೋ ಚಿಪ್ಪಿನ ಜೀವಿ) ಹೆಕ್ಕುತ್ತಾರೆ, ಎಷ್ಟೋ ಮನೆ ಅದರ ಮೇಲೆ ನಡೆಯುತ್ತದೆ. ಆ ಹೊಳೆಗೆ ಶರಾವತಿ ಹಾಗೆ ದೊಡ್ಡ ಅಣೆಕಟ್ಟಿಲ್ಲ. ಲಿಂಗನಮಕ್ಕಿಯಲ್ಲಿ ಹೂಳು ನಿಂತುಬಿಡುತ್ತದೆ, ಇಲ್ಲಿ ಘಟ್ಟದ ಮಣ್ಣು ಸೀದಾ ಅಳಿವೆಗೆ ಹೋಗುತ್ತದೆ. ಎರಡು ಹೊಳೆಯ ತಳವನ್ನ ಹೋಲಿಸಿ ನೋಡಿದರೆ ಒಂದು ಒಳ್ಳೆ ಎಂಎಸ್ಸಿ ಪ್ರಾಜೆಕ್ಟ್ ಆಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಆಗುಂಬೆ ಘಾಟಿ ಇಳಿಯುವಾಗಲೇ ಇವಳಿಗೆ ವಾಂತಿ. ಜೂನ್‌ನಲ್ಲಿ ರಜೆ ಇದೆ, ಆಗ ಲ್ಯಾಬ್‌ಗೆ ಕಳಿಸಲಾ?

ಹೊಸನಗರದವಳು:
ಜೂನ್ ಬೇಡ ಅಣ್ಣ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೋಟೆಲ್ಲ ದಡದಲ್ಲಿರುತ್ತವೆ, ಕಡಲೂ ಕೆರಳಿರುತ್ತದೆ. ಆಗ ಹೋದರೆ ಹಳೇ ಡಬ್ಬಿಗಳ ಹುಳ ಹೆಕ್ಕೋದಷ್ಟೇ ಸಿಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಸಮುದ್ರ ಶಾಂತವಾಗಿರುತ್ತದೆ, ಆಗ ದೋಣಿಯಲ್ಲೂ ಕರೆದುಕೊಂಡು ಹೋಗುತ್ತಾರೆ. ಈಗಲೇ ಆಕೆಯ ಮೇಷ್ಟ್ರ ಹತ್ತಿರ ಒಂದು ಪತ್ರ ಬರೆಸಿಡಿ, ಪತ್ರ ಇಲ್ಲದೆ ಲ್ಯಾಬ್ ಒಳಗೆ ಬಿಡುವುದಿಲ್ಲ. ವಾಂತಿ ಮಾತ್ರೆಯನ್ನ ದೋಣಿ ಹತ್ತಿದ ಮೇಲಲ್ಲ, ಹೊರಡೋ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಬೆಳಿಗ್ಗೆ ಎರಡು ಇಡ್ಲಿ ತಿಂದೇ ಹೋಗಲಿ, ಖಾಲಿ ಹೊಟ್ಟೆಯಲ್ಲಿ ಇನ್ನೂ ಕಷ್ಟ.