ಸಹಾಯ ಬೇಕು: ಟಗ್ ಎಂಜಿನ್ ಇಂಜೆಕ್ಟರ್‌ಗಳ ವೈಬುಲ್ ಲೆಕ್ಕ

ನಮಸ್ಕಾರ. ಊರು ಕಾರವಾರ, ಕೆಲಸ ವಾಸ್ಕೋದಲ್ಲಿ, ಟಗ್‌ಗಳ (ದೊಡ್ಡ ಹಡಗು ಎಳೆಯುವ ದೋಣಿಗಳ) ಡೀಸೆಲ್ ಎಂಜಿನ್ ನೋಡಿಕೊಳ್ಳುತ್ತೇನೆ. ಇಂಜೆಕ್ಟರ್ (ಎಂಜಿನ್ ಒಳಗೆ ಇಂಧನ ಸಿಂಪಡಿಸುವ ಭಾಗ) ಯಾವಾಗ ಕೈಕೊಡಬಹುದು ಎಂದು ಲಾಗ್‌ಬುಕ್‌ನ ರನ್ನಿಂಗ್ ಅವರ್ಸ್ ಹಿಡಿದು ವೈಬುಲ್ ಮಾಡೆಲ್ (ಭಾಗಗಳ ಆಯುಷ್ಯ ಅಂದಾಜಿಸುವ ಸಂಖ್ಯಾಶಾಸ್ತ್ರದ ಲೆಕ್ಕ) ಹಾಕಿದ್ದೇನೆ. ಅದರಲ್ಲಿ ಬೀಟಾ ಎಂಬ ಸಂಖ್ಯೆ 1ಕ್ಕಿಂತ ಜಾಸ್ತಿ ಬಂದರೆ ಸವೆತ, ಅಂದರೆ ಹಳೆಯದಾದಷ್ಟೂ ಕೆಡುವ ಸಾಧ್ಯತೆ ಜಾಸ್ತಿ, ಅಷ್ಟು ಗೊತ್ತು.

ಕೆಟ್ಟಿದ್ದು ಏಳೇ ಏಳು. ಉಳಿದವನ್ನು ಕೆಡುವ ಮೊದಲೇ ಸರ್ವಿಸ್‌ನಲ್ಲಿ ಬದಲಿಸಿದ್ದೇವೆ. ಅವನ್ನು ಲೆಕ್ಕದಿಂದ ಬಿಟ್ಟರೆ ಆಯುಷ್ಯ ಕಡಿಮೆ ಕಾಣುತ್ತದೆ, ಕೆಟ್ಟವು ಎಂದು ಸೇರಿಸಿದರೂ ತಪ್ಪೇ ಅಲ್ವಾ? ಅದಕ್ಕೇ ಸೆನ್ಸರ್ಡ್ (ಇಷ್ಟು ಗಂಟೆವರೆಗೆ ಕೆಟ್ಟಿರಲಿಲ್ಲ, ಮುಂದಿನದು ಗೊತ್ತಿಲ್ಲ) ಎಂದು ಗುರುತು ಹಾಕಿದೆ. ಈಗ ಬೀಟಾದ ಅಂದಾಜು 1ರ ಎರಡೂ ಕಡೆ ಹರಡಿದೆ, ಸವೆತ ಹೌದೋ ಅಲ್ಲವೋ ಖಚಿತವಾಗಿ ಹೇಳಲಾಗುತ್ತಿಲ್ಲ. ಸುಮ್ನೆ ಒಂದು ಸಂಖ್ಯೆ ನಂಬಿ ಬದಲಿಸುವ ಅವಧಿ ಹೆಚ್ಚಿಸಲು ಭಯ. ಮಳೆಗಾಲದಲ್ಲಿ ಹಡಗು ಎಳೆಯುವಾಗ ಎಂಜಿನ್ ನಿಂತರೆ ಡೆಕ್ ಮೇಲಿನ ಹುಡುಗರ ಗತಿ ಏನು?

ಇಷ್ಟು ಕಡಿಮೆ ಡೇಟಾಗೆ ಬೇಸಿಯನ್ ವಿಧಾನ (ಮೊದಲೇ ಇರುವ ತಿಳಿವಳಿಕೆಯನ್ನು ಡೇಟಾ ಜೊತೆ ಸೇರಿಸಿ ಅಂದಾಜಿಸುವುದು) ಬಳಸಿದವರು ಇದ್ದೀರಾ? ಪ್ರಯರ್, ಅಂದರೆ ಆ ಮೊದಲಿನ ಅಂದಾಜು, ಹೇಗೆ ಆರಿಸಿದಿರಿ, ದಯವಿಟ್ಟು ತಿಳಿಸಿ.