ಪದಚರ್ಚೆ: ‘ಛಿಯನ್‌ಜ಼’ ಕಾದಂಬರಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಮಾನ್ಯರೇ,

ಚೀನಾದ ಚಿಂಗ್ ಅರಸೊತ್ತಿಗೆಯ ಕೊನೆಗಾಲದಲ್ಲಿ ಅಧಿಕಾರಿಗಳ ಭ್ರಷ್ಟಾಚಾರವನ್ನು ಕುರಿತು ಬಂದ ಕಾದಂಬರಿಗಳ ಬಗೆಗೆ ಒಂದು ಲೇಖನವನ್ನು ಅನುವಾದಿಸುತ್ತಿದ್ದೇನೆ. ಅದು ನಾಳಿದ್ದು ಅಚ್ಚಿಗೆ ಹೋಗಬೇಕಾಗಿದೆ. ಆಧುನಿಕ ಚೀನೀ ಲೇಖಕ ಲೂ ಷುನ್ ತಮ್ಮ ಚೀನೀ ಕಥನಸಾಹಿತ್ಯದ ಚರಿತ್ರೆಯಲ್ಲಿ, ವೂ ಜಿಂಗ್ಜ಼ನ 18ನೆಯ ಶತಮಾನದ ಕೃತಿ ‘ರೂಲಿನ್ ವೈಷಿ’ಯನ್ನು ‘ಫೆಂಗ್‌ತ್ಸ’ ಎಂದೂ, 1900ರ ನಂತರದ ಕಾದಂಬರಿಗಳನ್ನು ‘ಛಿಯನ್‌ಜ಼’ ಎಂದೂ ಬೇರೆಬೇರೆಯಾಗಿ ಕರೆಯುತ್ತಾರೆ. ಮೊದಲನೆಯದಕ್ಕೆ ‘ವಿಡಂಬನೆ’ ಎಂದು ಬರೆದಿದ್ದೇನೆ. ಎರಡನೆಯದಕ್ಕೆ ‘ಖಂಡನಾ ಕಾದಂಬರಿ’ ಎಂದು ಬರೆದರೆ, ಅದು ಶಾಸ್ತ್ರವಾದದ ಖಂಡನ–ಮಂಡನದಂತೆ ಕೇಳಿಸುತ್ತದೆಂದು ಸಂಪಾದಕರು ಒಪ್ಪುತ್ತಿಲ್ಲ. ಈ ಎರಡನೆಯ ವರ್ಗದ ಲೇಖಕ ಲೀ ಬೊಯುವಾನನ ‘ಗ್ವಾನ್‌ಛಾಂಗ್ ಷಿಯನ್‌ಷಿಂಗ್ ಜಿ’ ಎಂಬ ಶೀರ್ಷಿಕೆಯನ್ನು ಹೇಗೆ ತರುವುದು? ಕಾನೂನಿನಲ್ಲಿಲ್ಲದಿದ್ದರೂ ರೂಢಿಯಿಂದ ನಿಗದಿಯಾಗಿದ್ದ ವಸೂಲಿಗೆ ಅಲ್ಲಿ ‘ಲೌಗುಯಿ’ ಎನ್ನುತ್ತಾರೆ. ಅದಕ್ಕೂ ಒಂದು ಪದ ಬೇಕು. ದಯವಿಟ್ಟು ಬೇಗ ತಿಳಿಸಿ.

ಮೊದಲ ಉತ್ತರ

‘ಖಂಡನೆ’ ಸಲ್ಲದು. ‘ತೆಗಳು’ ಎಂಬ ಅಚ್ಚಗನ್ನಡದ ಧಾತು ಹಳಗನ್ನಡದಿಂದಲೂ ಬಳಕೆಯಲ್ಲಿರುವಾಗ ಸಂಸ್ಕೃತದ ಬಾಗಿಲಿಗೆ ಹೋಗುವ ಅಗತ್ಯವೇ ಇಲ್ಲ. ‘ತೆಗಳಿಕೆಯ ಕಾದಂಬರಿ’ ಎಂದು ಬರೆಯಿರಿ. ‘ಲೌಗುಯಿ’ಗೆ ‘ಲಂಚ’ ಸಾಕು. ಯಾರಾದರೂ ‘ಮಾಮೂಲು’ ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಬ್ಬೀ ಮೂಲದ್ದು, ಗಂಭೀರ ಬರವಣಿಗೆಗೆ ತಕ್ಕುದಲ್ಲ.

ಎರಡನೆಯ ಉತ್ತರ

‘ತೆಗಳಿಕೆ’ ಇಲ್ಲಿ ತಪ್ಪು. ಅದು ‘ಹೊಗಳಿಕೆ’ಯ ಎದುರುಪದ, ಒಬ್ಬನ ಗುಣವನ್ನು ಕೀಳೆಂದು ಹೇಳಿದಲ್ಲಿಗೆ ಅದರ ಕೆಲಸ ಮುಗಿಯುತ್ತದೆ. ‘ಛಿಯನ್‌ಜ಼’ದ ಎರಡನೆಯ ಅಕ್ಷರಕ್ಕೆ ಹೊಣೆ ಎಂಬ ಅರ್ಥವೂ ಇದೆ, ಹೊಣೆಗಾರನನ್ನು ಹಿಡಿದು ಕೇಳುವುದೆಂಬ ಅರ್ಥವೂ ಇದೆ. ಆ ಕಾದಂಬರಿಗಳ ದನಿ ಇರುವುದು ಈ ಎರಡನೆಯ ಅರ್ಥದಲ್ಲಿ.

ಲೂ ಷುನ್ ಎರಡು ವರ್ಗ ಮಾಡಿದ್ದು ಏಕೆಂಬುದನ್ನು ನೋಡದೆ ಪದ ಹುಡುಕಿ ಪ್ರಯೋಜನವಿಲ್ಲ. ‘ರೂಲಿನ್ ವೈಷಿ’ಯಲ್ಲಿ ಫಾನ್ ಜಿನ್ ಎಂಬ ಬಡ ವಿದ್ಯಾರ್ಥಿ ವಯಸ್ಸಾದ ಮೇಲೆ ಅಧಿಕಾರಿ ಪದವಿಗೆ ದಾರಿಯಾದ ಸರಕಾರಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿ ಕೇಳಿ ಹುಚ್ಚನಾಗುತ್ತಾನೆ, ಅಲ್ಲಿಯವರೆಗೆ ಅವನನ್ನು ಹೀನಾಯವಾಗಿ ಬೈಯುತ್ತಿದ್ದ ಕಸಾಯಿ ಮಾವನೇ ಈಗ ಅಳಿಯನನ್ನು ದೈವಾಂಶದವನೆಂದು ಭಾವಿಸಿ, ಹುಚ್ಚು ಬಿಡಿಸಲೆಂದು ಕೆನ್ನೆಗೆ ಹೊಡೆಯುವುದಕ್ಕೂ ಹೆದರುತ್ತಾನೆ. ಕರ್ತೃ ಎಲ್ಲಿಯೂ ತೀರ್ಪು ಕೊಡುವುದಿಲ್ಲ. ಪರೀಕ್ಷಾ ಪದ್ಧತಿ ಮನುಷ್ಯರನ್ನು ಏನು ಮಾಡಿದೆಯೆಂಬುದು ಆ ಹೊಡೆತದಲ್ಲೇ ತಿಳಿಯುತ್ತದೆ. ಇದು ವಿಡಂಬನೆ, ನಿಮ್ಮ ಪದ ಸರಿಯಾಗಿದೆ. 1900ರ ನಂತರದವರಿಗೆ, ಅಂದರೆ ಪರದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯನ್ನೂ ಪರದೇಶದ ಸೇನೆಗಳು ರಾಜಧಾನಿಯನ್ನು ಹಿಡಿದುದನ್ನೂ ಕಂಡವರಿಗೆ, ಅಂಥ ಸಂಯಮ ಉಳಿದಿರಲಿಲ್ಲ. 1903ರಿಂದ ಶಾಂಘೈನ ತನ್ನದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಲೀ ಬೊಯುವಾನ್, ಹಣ ಕೊಟ್ಟು ಪದವಿ ಪಡೆದವರು ಹಾಕಿದ ಬಂಡವಾಳವನ್ನು ಹೇಗೆ ಹಿಂದಕ್ಕೆ ಪಡೆಯುತ್ತಾರೆಂಬುದನ್ನು ಪ್ರಸಂಗದ ಮೇಲೆ ಪ್ರಸಂಗವಾಗಿ ಮುಂದಿಡುತ್ತಾನೆ. ದನಿ ತೀರ ಬಹಿರಂಗವಾಯಿತು, ಓದುಗರ ರುಚಿಗೆ ತಕ್ಕಂತೆ ಅತಿಶಯವೂ ಸೇರಿತು ಎಂಬುದೇ ಲೂ ಷುನ್ ಅವರ ಆಕ್ಷೇಪ. ಆದುದರಿಂದ ‘ಛಿಯನ್‌ಜ಼’ ಎಂಬುದರಲ್ಲಿ ವರ್ಣನೆಯ ಜೊತೆಗೆ ವಿಮರ್ಶೆಯೂ ಇದೆ. ಆ ವಿಮರ್ಶೆ ಪೂರ್ತಿ ನ್ಯಾಯವಾದುದೆಂದು ನನಗೆ ಅನ್ನಿಸುವುದಿಲ್ಲ, ಆದರೆ ಅನುವಾದದಲ್ಲಿ ಅದನ್ನು ಅಳಿಸುವ ಹಕ್ಕು ನಮಗಿಲ್ಲ.

‘ಛೀಮಾರಿ’ಯನ್ನೂ ಯೋಚಿಸಿ ಕೈಬಿಟ್ಟೆ. ಛೀಮಾರಿ ಹಾಕುವವರು ಮೇಲಿನವರು, ನ್ಯಾಯಾಲಯ ಅಧಿಕಾರಿಗೆ ಹಾಕಿದಂತೆ. ಈ ಲೇಖಕರಾದರೋ ಪತ್ರಿಕೆಯ ಪುಟವಲ್ಲದೆ ಬೇರೆ ಅಧಿಕಾರವಿಲ್ಲದವರು. ‘ಖಂಡನೆ’ಯೇ ಇರಲಿ. ಬೆಲೆಯೇರಿಕೆಯನ್ನು ಖಂಡಿಸಿ ಮೆರವಣಿಗೆ ನಡೆಯಿತೆಂದು ದಿನವೂ ಓದುವವರು ಶಾಸ್ತ್ರವಾದವನ್ನು ನೆನೆಯುವುದಿಲ್ಲ. ಲಿಯೂ ಅ ಎಂಬ ಲೇಖಕನ ‘ಲಾವ್ ತ್ಸಾನ್ ಯೌಜಿ’ (ಲಾವ್ ತ್ಸಾನನ ಪ್ರವಾಸಕಥನ) ಕಾದಂಬರಿಯನ್ನೂ ಲೂ ಷುನ್ ಇದೇ ವರ್ಗಕ್ಕೆ ಸೇರಿಸಿರುವುದನ್ನು ಮರೆಯಬೇಡಿ. ಲಂಚಕೋರ ಕೆಟ್ಟವನೆಂದು ಎಲ್ಲರೂ ಬಲ್ಲರು, ಲಂಚ ಮುಟ್ಟದವನು ಅದಕ್ಕಿಂತ ಕೇಡಿಗನಾಗಬಲ್ಲನೆಂಬುದನ್ನು ಮಾತ್ರ ಹೆಚ್ಚಿನವರು ಅರಿಯರು ಎಂಬುದು ಅವನ ವಾದ. ಅವನ ಕಾದಂಬರಿಯ ಯೂ ಷಿಯನ್ ಎಂಬವನು ಕೈ ಶುದ್ಧವಾಗಿರುವ ಅಧಿಕಾರಿ, ತನ್ನ ಶುದ್ಧತೆಯ ಹೆಮ್ಮೆಯಿಂದಲೇ ನಿರಪರಾಧಿಗಳನ್ನು ನಿಲುಪಂಜರದಲ್ಲಿ ನಿಲ್ಲಿಸಿ ಕೊಲ್ಲುವವನು. ಇಂಥವನನ್ನು ತೆಗಳಿದರೆ ಸಾಲದು, ಅವನಿಂದ ಉತ್ತರ ಕೇಳಬೇಕು.

ಶೀರ್ಷಿಕೆಯ ವಿಷಯ. ‘ಗ್ವಾನ್’ ಎಂದರೆ ಅಧಿಕಾರಿ. ‘ಛಾಂಗ್’ ಎಂಬ ಅಕ್ಷರಕ್ಕೆ ಬಯಲು ಜಾಗವೆಂಬ ಅರ್ಥದೊಡನೆ ಧಾನ್ಯ ಒಕ್ಕುವ ನೆಲವೆಂಬ ಅರ್ಥವೂ ಇದೆ. ನಮ್ಮ ‘ಕಣ’ ಕೂಡ ಒಕ್ಕಣೆಯ ನೆಲದಿಂದ ಹೊರಟು ಚುನಾವಣಾ ಕಣದವರೆಗೆ ಬಂದ ಪದ. ಇಷ್ಟು ಹತ್ತಿರದ ಜೋಡಿ ಸಿಕ್ಕುವುದು ಅಪರೂಪ. ‘ಷಿಯನ್‌ಷಿಂಗ್’ ಎಂದರೆ ವೇಷ ಮರೆಸಿಕೊಂಡದ್ದು ನಿಜರೂಪದಲ್ಲಿ ಕಾಣಿಸಿಕೊಳ್ಳುವುದು. ಅದಕ್ಕೆ ‘ಬಣ್ಣ ಬಯಲು’ ಎಂಬ ನುಡಿಗಟ್ಟೇ ಇದೆ. ‘ಅಧಿಕಾರದ ಕಣದ ಬಣ್ಣ ಬಯಲು’ ಎನ್ನಿ.

‘ಲೌಗುಯಿ’ಗೆ ‘ಮಾಮೂಲು’ ಅಲ್ಲದೆ ಬೇರೆ ಪದವಿಲ್ಲ. ಲಂಚವೆಂದರೆ ಒಂದು ಕೆಲಸಕ್ಕಾಗಿ ಒಮ್ಮೆ ಕೊಡುವುದು; ಮಾಮೂಲೆಂದರೆ ಕೆಲಸವಿರಲಿ ಬಿಡಲಿ, ಕಾಲಕಾಲಕ್ಕೆ ತಲುಪಬೇಕಾದುದು, ಕೊಡುವವನೂ ಪಡೆಯುವವನೂ ಸಹಜವೆಂದು ತಿಳಿದದ್ದು. ಚಿಂಗ್ ಆಡಳಿತದಲ್ಲಿ ಸಂಬಳ ತೀರ ಕಡಿಮೆಯಾಗಿದ್ದುದರಿಂದ ಕಚೇರಿಗಳೇ ಇದರಿಂದ ನಡೆಯುತ್ತಿದ್ದವು. ಪ್ರಾಂತಗಳ ಅಧಿಕಾರಿಗಳು ರಾಜಧಾನಿಯವರಿಗೆ ಬೇಸಿಗೆಯಲ್ಲಿ ಮಂಜುಗಡ್ಡೆಯ ಹೆಸರಿನಲ್ಲಿ, ಚಳಿಗಾಲದಲ್ಲಿ ಇದ್ದಿಲಿನ ಹೆಸರಿನಲ್ಲಿ ಹಣ ಕಳುಹಿಸುತ್ತಿದ್ದರು. ಇವೆರಡನ್ನು ‘ಮಂಜಿನ ಕಾಣಿಕೆ’, ‘ಇದ್ದಿಲ ಕಾಣಿಕೆ’ ಎನ್ನಬಹುದು. ಇದನ್ನೆಲ್ಲ ‘ಲಂಚ’ ಎಂದು ಬರೆದರೆ, ಕಾದಂಬರಿಕಾರರು ಬೊಟ್ಟು ಮಾಡಿದ ರೋಗವೇ ಓದುಗನಿಗೆ ಕಾಣದೆ ಹೋಗುತ್ತದೆ.

ಮೊದಲ ಉತ್ತರದವರಿಂದ

‘ಕಣ’ವನ್ನು ಒಪ್ಪುತ್ತೇನೆ. ‘ಮಾಮೂಲು’ ಒಪ್ಪುವುದಿಲ್ಲ. ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟೇ ನಮ್ಮ ಆಡಳಿತದ ಭಾಷೆ ಪರರ ಪಾಲಾಯಿತು. ‘ವಾಡಿಕೆಯ ಸುಲಿಗೆ’ ಎನ್ನಲು ಯಾರ ಅಡ್ಡಿಯಿದೆ?

ಎರಡನೆಯ ಉತ್ತರದವರಿಂದ

ಅರ್ಥವೇ ಅಡ್ಡಿ. ಸುಲಿಗೆಯಲ್ಲಿ ಬಲಾತ್ಕಾರವಿದೆ, ಮಾಮೂಲಿನಲ್ಲಿ ಇಬ್ಬರ ಒಪ್ಪಿಗೆಯಿದೆ, ಅದರ ಕೇಡು ಇರುವುದೂ ಅಲ್ಲಿಯೇ. ‘ಹುದ್ದೆ’, ‘ಸರಕಾರ’, ‘ಅಮಲ್ದಾರ’, ‘ಶಿರಸ್ತೇದಾರ’ ಎಲ್ಲವೂ ಅರಬ್ಬೀ–ಪಾರಸಿಯಿಂದ ಬಂದವು. ಅವನ್ನು ಬಿಟ್ಟು ಅಧಿಕಾರಿಗಳ ಕಾದಂಬರಿಯ ಒಂದು ಪುಟವನ್ನಾದರೂ ಅನುವಾದಿಸಿ ತೋರಿಸಿ. ತಾವು ತಕರಾರಿಲ್ಲದೆ ಬಳಸಿದ ‘ಕಾದಂಬರಿ’ಯೂ ಬಾಣಭಟ್ಟನ ನಾಯಕಿಯ ಹೆಸರು. ಪದ ಎಲ್ಲಿಂದ ಬಂತೆಂಬುದನ್ನು ನಿಘಂಟಿನಲ್ಲಿ ಬರೆದಿಡೋಣ. ಅನುವಾದಕನನ್ನು ಆ ಕಾರಣಕ್ಕೆ ತಡೆಯಬಾರದು.

ಪ್ರಶ್ನಿಸಿದವರಿಂದ

ಇಬ್ಬರಿಗೂ ವಂದನೆಗಳು. ‘ಖಂಡನಾ ಕಾದಂಬರಿ’ಯನ್ನು ಉಳಿಸಿಕೊಂಡು, ಅದು ಹೊಣೆ ಕೇಳುವ ಖಂಡನೆಯೆಂದು ಮೊದಲ ಬಳಕೆಯಲ್ಲೇ ಒಂದು ವಾಕ್ಯದಲ್ಲಿ ವಿವರಿಸುತ್ತೇನೆ. ಶೀರ್ಷಿಕೆಗೆ ‘ಅಧಿಕಾರದ ಕಣದ ಬಣ್ಣ ಬಯಲು’ ಎಂದೇ ಹಾಕುತ್ತೇನೆ, ‘ಮಾಮೂಲು’ ಉದ್ಧರಣ ಚಿಹ್ನೆಯಿಲ್ಲದೆ ಇರುತ್ತದೆ. ಇದೇ ವರ್ಗದ ಇನ್ನೊಬ್ಬ ಲೇಖಕ ಜೆಂಗ್ ಪೂನ ‘ನಿಯೆಹಾಯ್ ಹುವಾ’ ಎಂಬ ಶೀರ್ಷಿಕೆಯನ್ನು ‘ಪಾಪದ ಕಡಲಿನ ಹೂ’ ಎಂದು ತಂದಿದ್ದೇನೆ. ‘ನಿಯೆ’ ಎಂಬುದರಲ್ಲಿ ಬೌದ್ಧರ ಕರ್ಮಫಲದ ಛಾಯೆಯೂ ಇರುವುದರಿಂದ ‘ಪಾಪ’ ಸಾಕೇ ಎಂಬುದನ್ನು ನಾಳೆ ಸಂಜೆಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.